ನೀರು ಇಳಿದ ಮಂಗಳವಾರ

ನಮ್ಮ ವಾರ ಮುಗಿಯುವುದು ಭಾನುವಾರ ಮಧ್ಯಾಹ್ನ. ಹನ್ನೊಂದಕ್ಕೆ ಟೆಂಟು ಬಿಡಬೇಕು ಎಂದು ಮೂರು ಭಾಷೆಯಲ್ಲಿ ಬೋರ್ಡು ಬರೆಸಿದ್ದರೂ ಕೊನೆಯ ಕಾರು ಧೂಳೆಬ್ಬಿಸುತ್ತ ಏರುದಾರಿ ಹತ್ತುವಾಗ ಒಂದು ಗಂಟೆ ದಾಟಿರುತ್ತದೆ. ಆಮೇಲೆ ಸೋಮವಾರ ಸಂಜೆಯತನಕ ಹಾಸಿಗೆಯ ಕೆಲಸ. ಗಾದಿ, ರಜಾಯಿ, ದಿಂಬು ಎಲ್ಲ ಹೊರಗೆಳೆದು ಬಿಸಿಲಿಗೆ ಹಾಕುವುದು, ಎಣಿಸುವುದು, ಲೆಕ್ಕ ತಾಳೆಯಾಗದೆ ಮತ್ತೆ ಎಣಿಸುವುದು. ದಿಂಬುಗಳು ಯಾಕೆ ಕಡಿಮೆಯಾಗುತ್ತವೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಅಷ್ಟು ದೊಡ್ಡ ಕಾರಿನಲ್ಲಿ ಬಂದು ನಮ್ಮ ಚಪ್ಪಟೆ ದಿಂಬು ಒಯ್ಯುವ ಪುಣ್ಯಾತ್ಮರು ಯಾರೋ! ಬಿಟ್ಟು ಹೋಗುವುದೂ ಕಡಿಮೆಯಿಲ್ಲ: ಒಂಟಿ ಚಪ್ಪಲಿ, ಚಾರ್ಜರು, ಕೂಸಿನ ಹಾಲಿನ ಬಾಟಲಿ, ಒಮ್ಮೆ ಅರ್ಧ ಕೊಯ್ದ ಹುಟ್ಟುಹಬ್ಬದ ಕೇಕು. ಮಂಗಳವಾರ ನಮಗೆ ರಜೆ.

ನಾನು ಕೆಲಸಕ್ಕಿರುವುದು ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನಲ್ಲಿ, ಪವನಾ ಅಣೆಕಟ್ಟಿನ ಹಿನ್ನೀರಿನ ಮೇಲಿನ ಇಳಿಜಾರಿನ ಒಂದು ಕ್ಯಾಂಪಿನಲ್ಲಿ. ಹಿಂದೆ ಭತ್ತದ ಮಡಿಗಳಾಗಿದ್ದ ಜಾಗದಲ್ಲಿ ಈಗ ಸಾಲು ಟೆಂಟು. ಸುತ್ತ ತಲೆಯೆತ್ತಿ ನೋಡಿದರೆ ತಿಕೋನಾ, ತುಂಗ್, ಹಿನ್ನೀರಿನ ಆಚೆ ಲೋಹಗಡ, ವಿಸಾಪುರ, ಎಲ್ಲವೂ ಕೋಟೆಗಳೇ. ಬುಕಿಂಗು, ಲೆಕ್ಕಪತ್ರ ನನ್ನದು. ಹೆಸರಿಗೆ ಅಷ್ಟೇ, ಶನಿವಾರ ರಾತ್ರಿ ಇದ್ದಿಲು ಊದುವುದೂ ನಾನೇ. ಟೆಂಟು, ಬಾರ್ಬೆಕ್ಯೂ ನೋಡಿಕೊಳ್ಳುವವನು ಜತ್ತದ ಹುಡುಗ. ಸಾಂಗಲಿ ಜಿಲ್ಲೆಯವನಾದರೂ ಓದಿದ್ದು ಕನ್ನಡ ಶಾಲೆಯಲ್ಲಿ, ಬೈಯುವುದೂ ಕನ್ನಡದಲ್ಲೇ. ಅಡುಗೆ ಕೆಳಗಿನ ಹಳ್ಳಿಯ ಮಾವಶಿಯದು. ರಾತ್ರಿ ಕಾವಲಿಗೆ ಮಾಮಾ. ಎಪ್ಪತ್ತರ ಆಸುಪಾಸು, ಕಿವಿ ಸ್ವಲ್ಪ ಮಂದ, ಕಣ್ಣು ಮಾತ್ರ ಚುರುಕು.

ಹೊರಗಿನವರಿಗೆ ಈ ಬೆಟ್ಟಗಳೆಂದರೆ ಮಳೆಗಾಲ. ನನಗೆ ಹೋಳಿಯಿಂದ ವೈಶಾಖದವರೆಗಿನ ದಿನಗಳೇ ಇಷ್ಟ. ಹೋಳಿ ಹೊತ್ತಿಗೆ ಮುತ್ತುಗ ಹೂಬಿಟ್ಟಿರುತ್ತದೆ. ಅದು ಉದುರುವಷ್ಟರಲ್ಲಿ ಸಾಗಡೆ ಮರಗಳು ಕೆಂಪಗೆ ಚಿಗುರುತ್ತವೆ. ಬಂದವರೆಲ್ಲ ಹೂವೆಂದು ಫೋಟೊ ಹೊಡೆದುಕೊಳ್ಳುತ್ತಾರೆ, ನಾವು ತಿದ್ದಲು ಹೋಗುವುದಿಲ್ಲ. ಯುಗಾದಿಗೆ ಮಾವಶಿ ಅಡುಗೆಮನೆಯ ಮುಂದೆ ಹಬ್ಬದ ಗುಡಿಕೋಲು ಏರಿಸಿ, ಅದರ ತುದಿಗೆ ತಂಬಿಗೆ ಬೋರಲು ಹಾಕಿ, ಸಕ್ಕರೆ ಸರ ಕಟ್ಟುತ್ತಾಳೆ. ಜತ್ತದ ಹುಡುಗ ಒಂದು ಕೊಡಪಾನ ಬೇವು ಕಲಸಿಟ್ಟು ಬಂದ ಗಿರಾಕಿಗಳಿಗೆಲ್ಲ ಲೋಟ ಹಿಡಿಸುತ್ತಾನೆ. ವೆಲ್‌ಕಮ್ ಡ್ರಿಂಕ್ ಎಂದು ಹೇಳಿ ಕೊಟ್ಟರೆ ಜನ ಏನನ್ನಾದರೂ ಕುಡಿಯುತ್ತಾರೆ.

ಕಷ್ಟವಿಲ್ಲವೆಂದಲ್ಲ. ಬೆಳಿಗ್ಗೆ ಎಂಟು ದಾಟಿದರೆ ಟೆಂಟಿನೊಳಗೆ ಕೂರಲಾಗದು. ಮಧ್ಯಾಹ್ನದ ಮೇಲೆ ಪಡುಗಾಳಿ ಏಳುತ್ತದೆ. ಗೂಟ ಸಡಿಲವಿದ್ದರೆ ಟೆಂಟು ಕಿತ್ತು ನೀರಿನ ಕಡೆ ಓಡುತ್ತದೆ, ಹುಡುಗ ಅದರ ಹಿಂದೆ. ಹುಲ್ಲು ಒಣಗಿ ನಿಂತಿರುವುದರಿಂದ ಒಂದು ಬೀಡಿ ಸಾಕು, ಗುಡ್ಡ ಹೊತ್ತಲು. ಅದಕ್ಕೇ ಕ್ಯಾಂಪಿನ ಸುತ್ತ ಹುಲ್ಲು ಕೊಯ್ದು ಬರಿನೆಲ ಬಿಟ್ಟಿದ್ದೇವೆ. ರಾತ್ರಿ ಕೊನೆಯ ಕೆಂಡಕ್ಕೂ ನೀರು ಹೊಯ್ದು ಕೈಯಿಟ್ಟು ನೋಡಿಯೇ ಮಾಮಾ ಕುರ್ಚಿಗೆ ಕೂರುವುದು. ಏಪ್ರಿಲ್ಲಿನಲ್ಲಿ ಕೆಳಗಿನ ಗದ್ದೆಗಳಿಂದ ಏಳುವ ಹೊಗೆ ಬೇರೆ ಥರದ್ದು. ಭತ್ತದ ಸಸಿಮಡಿಯ ಮೇಲೆ ಒಣ ಎಲೆ, ಟೊಂಗೆ, ಸಗಣಿ ಹರಡಿ, ಮಣ್ಣು ಉದುರಿಸಿ ಸುಡುತ್ತಾರೆ. ಕಳೆಯ ಬೀಜ ಸಾಯುತ್ತದೆ, ಬೂದಿ ಗೊಬ್ಬರವಾಗುತ್ತದೆ. ರಾಬ್ ಅನ್ನುತ್ತಾರೆ. ಇಲ್ಲಿಯ ಇಂದ್ರಾಯಣಿ ಅಕ್ಕಿಯನ್ನು ಹುಡುಕಿಕೊಂಡು ಕೊಳ್ಳುವ ಪುಣೆಯವರೇ ಆ ಹೊಗೆಗೆ ಮೂಗು ಮುಚ್ಚಿಕೊಂಡು ನನ್ನ ಬಳಿ ದೂರು ಹೇಳುತ್ತಾರೆ.

ವಸಂತದ ದೊಡ್ಡ ದೂರೆಂದರೆ ನೀರಿನದು. ನಮ್ಮ ಮುಂದಿನ ಸಾಲಿನ ಟೆಂಟುಗಳಿಗೆ ‘ಲೇಕ್ ವ್ಯೂ’ ಎಂದು ದರ ಹೆಚ್ಚು. ಫೋಟೊದಲ್ಲಿ ನೀರು ಟೆಂಟಿನ ಕಾಲಬುಡಕ್ಕಿದೆ. ಅದು ಅಕ್ಟೋಬರಿನ ಫೋಟೊ. ಏಪ್ರಿಲ್ಲಿಗೆ ನೀರು ಅಷ್ಟು ದೂರ ಇಳಿದು, ನಡುವೆ ಬಿರುಕುಬಿಟ್ಟ ಕೆಸರು. ಹಿಂಜವಡಿಯ ಐಟಿ ಕಂಪನಿಗಳಿಂದ ಬಂದಿದ್ದ ಒಂದು ಗುಂಪು ಇದನ್ನೇ ಹಿಡಿದು ಹಿಂದಿಯಲ್ಲಿ ಜಗಳ ತೆಗೆದಿತ್ತು. ಅಷ್ಟರಲ್ಲಿ ನಾನು “ಲೇ, ಇದ್ಲಿ ಚೀಲ ತಗೊಂಬಾ” ಎಂದು ಕೂಗಿದ್ದೇ, ಜಗಳ ತೆಗೆದವರು ತಿರುಗಿ ನಿಂತರು. “ಕನ್ನಡದವರಾ? ಯಾವೂರು?” ಬೀಳಗಿ ಎಂದೆ. “ಓ, ಬೆಳಗಾವಿ!” ಎಂದರು. ತಿದ್ದಿದೆ. ಆಮೇಲೆ ನೀರಿನ ವಿಷಯ ಯಾರೂ ಎತ್ತಲಿಲ್ಲ, ಜೋಳದ ರೊಟ್ಟಿ ಸಿಗುತ್ತದಾ ಎಂದು ಕೇಳಿದರು. ಮಾವಶಿ ಬಡಿಯುವುದು ಅಕ್ಕಿಹಿಟ್ಟಿನ ಭಾಕರಿ. ಅದನ್ನೇ ಸುಮ್ಮನೆ ತಿಂದರು.

ಭಾನುವಾರ ನಸುಕಿನಲ್ಲಿ ಬಯಸಿದವರನ್ನು ತಿಕೋನಾ ಹತ್ತಿಸುವುದೂ ನಮ್ಮ ಕೆಲಸಗಳಲ್ಲೊಂದು. ಸುಮಾರು 3,500 ಅಡಿಯ ಕೋಟೆ. ದಾರಿಯಲ್ಲಿ ಕೈ ಎತ್ತಿ, ಕಾಲಡಿಯಲ್ಲಿ ಪನೌತಿಯೆಂಬ ರಾಕ್ಷಸಿಯನ್ನು ಮೆಟ್ಟಿ ನಿಂತ ಮಾರುತಿ. ಸುಣ್ಣ ಅರೆಯುವ ಹಳೆಯ ಗಾಣ. ಬಂಡೆ ಕೊರೆದ ನೀರಿನ ತೊಟ್ಟಿಗಳು. ಕೊನೆಯ ಮೆಟ್ಟಿಲುಗಳು ಮೊಣಕಾಲೆತ್ತರ, ಅಲ್ಲಿ ಹುಡುಗರ ಹಾಡು ತಾನಾಗಿಯೇ ನಿಲ್ಲುತ್ತದೆ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠಾ ಕೋಟೆಗಳಲ್ಲಿ ಲೋಹಗಡ ಇದೆ, ತಿಕೋನಾ ಇಲ್ಲ. ನನ್ನ ಕೇಳಿದರೆ ತಿಕೋನಾಕ್ಕೇ ಹೋಗಿ ಅನ್ನುತ್ತೇನೆ. ಲೋಹಗಡದ ಮೇಲಿಂದ ತಿಕೋನಾ ಕಾಣುತ್ತದೆ, ತಿಕೋನಾದ ಮೇಲಿಂದ ಇಡೀ ಪವನಾ ಕಾಣುತ್ತದೆ. ಅಲ್ಲಿಂದ ನೋಡಿದಾಗಲೇ ನನಗೆ ಗೊತ್ತಾಗಿದ್ದು, ನೀರು ಇಳಿದ ಜಾಗದಲ್ಲಿ ಗೆರೆ ಗೆರೆಯಾಗಿ ಕಾಣುವುದು ಕೆಸರಿನ ಬಿರುಕಲ್ಲ, ಬದುಗಳು ಎಂದು. ಹೊಲದ ಬದುಗಳು.

ಅವತ್ತು ಕೆಳಗಿಳಿದು ಮಾಮಾನನ್ನು ಕೇಳಿದೆ. “ಹೌದು, ಹೊಲಗಳೇ. ಮಂಗಳವಾರ ಬಿಡುವಿದ್ದರೆ ಬಾ, ವಾಘೇಶ್ವರನೂ ಹೊರಗೆ ಬಂದಿದ್ದಾನೆ” ಎಂದ.

ವಾಘೇಶ್ವರ ಹಿನ್ನೀರಿನಲ್ಲಿ ಮುಳುಗಿರುವ ಶಿವನ ಗುಡಿ. ವರ್ಷದ ಹೆಚ್ಚಿನ ಕಾಲ ನೀರಿನೊಳಗೆ ಇದ್ದು, ಬೇಸಿಗೆಯಲ್ಲಿ ಮಾತ್ರ ಹೊರಗೆ ಕಾಣುತ್ತದೆ. ಮಂಗಳವಾರ ಬೆಳಿಗ್ಗೆ ಎರಡು ಬೈಕಿನಲ್ಲಿ ಹೊರಟೆವು. ನನ್ನ ಹಿಂದೆ ಮಾಮಾ, ಮುಂದೆ ಜತ್ತದ ಹುಡುಗ, ಅವನ ಹೆಗಲಿಗೆ ಬುತ್ತಿ. ಮಾವಶಿಯನ್ನೂ ಕರೆದೆವು. “ನನ್ನ ರಾಬ್ ಯಾರು ಸುಡುತ್ತಾರೆ, ನಿಮ್ಮಪ್ಪನಾ?” ಎಂದು ಝುಣಕಾ, ಭಾಕರಿ, ಠೇಚಾ ಕಟ್ಟಿಕೊಟ್ಟು ಕಳಿಸಿದಳು.

ದಾರಿಯ ತಿರುವಿನಲ್ಲೇ ತಡವಾಯಿತು. ಅಲ್ಲಿಯ ಪೊದೆಗಳಲ್ಲಿ ಕವಳಿ ಹಣ್ಣು ಕಪ್ಪಾಗತೊಡಗಿದ್ದವು. ಮುಳ್ಳು ಗೀರಿಸಿಕೊಳ್ಳದೆ ಕವಳಿ ಬಿಡಿಸುವ ವಿದ್ಯೆ ಮಾಮಾನಿಗೆ ಗೊತ್ತು, ನಮಗಿಲ್ಲ. ಒಂದೊಂದು ಹಣ್ಣು ಕೈಗಿಡುವ ಮುಂಚೆ “ಹುಂಜವೋ, ಹೇಂಟೆಯೋ?” ಎಂದು ಕೇಳುವುದು, ಕಚ್ಚಿದಾಗ ಒಳಗೆ ಕೆಂಪಿದ್ದರೆ ಹುಂಜ, ಬಿಳಿ ಇದ್ದರೆ ಹೇಂಟೆ. ಇಲ್ಲಿನ ಮಕ್ಕಳೆಲ್ಲ ಆಡುವ ಆಟ. ಜತ್ತದ ಹುಡುಗ ಒಂದೇ ಸಮನೆ ಸೋತ. ಮಾಮಾ ಮೋಸ ಮಾಡುತ್ತಿದ್ದಾನೆಂದು ಅವನ ಅನುಮಾನ, ಹಣ್ಣಿನ ಬಣ್ಣದಲ್ಲೇ ಒಳಗಿನದು ಗೊತ್ತಾಗುತ್ತದಂತೆ. ನಾಲಿಗೆಗೆ ಹಾಲು ಅಂಟಿ ಮೂವರೂ ಸ್ವಲ್ಪ ಹೊತ್ತು ತೊದಲುತ್ತಲೇ ಮಾತಾಡಿದೆವು.

ಬೈಕು ನಿಲ್ಲಿಸಿದ ಮೇಲೆ ನಡಿಗೆ. ಮೇಲೆ ಗಟ್ಟಿಯಾಗಿ ಕಂಡ ಕೆಸರು ಒಳಗೆ ಇನ್ನೂ ಹಸಿ. ಹುಡುಗನ ಚಪ್ಪಲಿ ಎರಡು ಸಲ ಅಲ್ಲೇ ಉಳಿಯಿತು. ಮಾಮಾ ಬರಿಗಾಲಲ್ಲಿ, ಬದುವಿನ ಮೇಲೆಯೇ ನಡೆಯುತ್ತಿದ್ದ. ನಾವು ನೆಟ್ಟಗೆ ಗುಡಿಯ ಕಡೆ ಹೊರಟರೆ ಅವನು ಒಂದು ಕಡೆ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ ಸುತ್ತು ಹಾಕುತ್ತಾನೆ. ಕೇಳಿದರೆ, “ಹೊಲದ ನಡುವೆ ಯಾಕೆ ತುಳಿಯುತ್ತೀರಿ, ದಾರಿ ಇಲ್ಲಿದೆ” ಎಂದ. ಅರ್ಧ ಶತಮಾನದಿಂದ ಅಲ್ಲಿ ಬೆಳೆ ಇಲ್ಲ. ನಾವೂ ಸುಮ್ಮನೆ ಅವನ ಹಿಂದೆ ಬದು ಹಿಡಿದೆವು.

ಗುಡಿ ದೊಡ್ಡದಲ್ಲ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಹೇಮಾಡಪಂತಿ ಕಟ್ಟಡ, ಬಹಳಷ್ಟು ಬಿದ್ದುಹೋಗಿದೆ. ಪ್ರತಿವರ್ಷ ತಿಂಗಳುಗಟ್ಟಲೆ ನೀರಿನಲ್ಲಿ ನಿಂತೂ ಉಳಿದಿರುವ ಭಾಗ ನೋಡಿದರೆ, ಕಳೆದ ಮಳೆಗಾಲದಲ್ಲಿ ಕುಸಿದ ನಮ್ಮ ಕ್ಯಾಂಪಿನ ಶೌಚಾಲಯದ ಗೋಡೆ ನೆನಪಾಗಿ ನಗು ಬಂತು. ಒಂದು ಕುಟುಂಬ ಕಾಯಿ ಒಡೆಯುತ್ತಿತ್ತು. ಇಬ್ಬರು ಹುಡುಗರು ಡ್ರೋನು ಹಾರಿಸುತ್ತಿದ್ದರು. ಮಾಮಾ ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂತು ಕೈ ಮಾಡಿ ತೋರಿಸುತ್ತ ಹೋದ. ಅಲ್ಲಿ ಬಾವಿ, ಅದರಾಚೆ ಚಿಕ್ಕಪ್ಪನ ಮಾವಿನಮರ, ಇಲ್ಲಿಂದ ಅಲ್ಲಿಗೆ ನಮ್ಮದು. ಅಣೆಕಟ್ಟು ತುಂಬಿದ್ದು 1970ರ ದಶಕದ ಆರಂಭದಲ್ಲಿ. ಆಗ ಅವನು ದನ ಕಾಯುವ ಹುಡುಗ. ಭೂಮಿಗೆ ಬದಲು ಭೂಮಿ ಸಿಗಲಿಲ್ಲ ಎಂದು ಅವನಂಥ ಎಷ್ಟೋ ಮನೆತನಗಳು ಇಂದಿಗೂ ಅರ್ಜಿ ಹಿಡಿದು ಓಡಾಡುತ್ತಿವೆ.

ಈ ಅಣೆಕಟ್ಟಿನ ನೀರು ಹೋಗುವುದು ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡ ನಗರಕ್ಕೆ. ನದಿಯಲ್ಲಿ ಬಿಡುವ ಬದಲು ಅಣೆಕಟ್ಟಿನಿಂದಲೇ ಮುಚ್ಚಿದ ಪೈಪಿನಲ್ಲಿ ಒಯ್ಯುವ ಯೋಜನೆ ಬಂದಾಗ ಮಾವಳದ ರೈತರು ಎದ್ದು ನಿಂತರು. 2011ರ ಆಗಸ್ಟ್ 9ರಂದು ಮುಂಬೈ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಗೋಲಿಬಾರಾಗಿ ಮೂವರು ಸತ್ತರು. ಅದನ್ನು ಮಾಮಾ ದನಿ ಏರಿಸದೆ ಹೇಳಿ, ಠೇಚಾ ಮುಂದೆ ಸರಿಸು ಎಂದ. ಏಪ್ರಿಲ್ ಬಂದರೆ ನಮ್ಮ ಕ್ಯಾಂಪಿಗೆ ನೀರು ಬರುವುದು ಟ್ಯಾಂಕರಿನಲ್ಲಿ.

ನಾನೂ ಮುಳುಗಡೆ ಊರಿನವನೇ. ಆಲಮಟ್ಟಿ ಹಿನ್ನೀರಿಗೆ ಹೋದ ಊರು ನನಗೆ ಸರಿಯಾಗಿ ನೆನಪಿಲ್ಲ. ನಾನು ಬೆಳೆದದ್ದು ಪುನರ್ವಸತಿಯ ನೇರ ರಸ್ತೆಗಳಲ್ಲಿ. ಬೇಸಿಗೆಯಲ್ಲಿ ನೀರು ಸರಿದರೆ ನಮ್ಮ ಕಡೆಯೂ ಹಳೆಯ ಗೋಡೆಗಳು ಏಳುತ್ತವೆ, ಜನ ಆ ಕರಿಮಣ್ಣಿನಲ್ಲೇ ಒಂದು ಬೆಳೆ ತೆಗೆಯುತ್ತಾರೆ. ಇದನ್ನೆಲ್ಲ ಮಾಮಾನಿಗೆ ಹೇಳಿದೆ. ಅಷ್ಟು ದಿನ ಜತೆಯಲ್ಲಿದ್ದೂ ಹೇಳಿರಲಿಲ್ಲ, ಸಂದರ್ಭವೇ ಬಂದಿರಲಿಲ್ಲ. ಮಾಮಾ ಊಟ ನಿಲ್ಲಿಸಿ, “ಎಕರೆಗೆ ಎಷ್ಟು ಕೊಟ್ಟರು?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. “ನಿಮ್ಮವ್ವನಿಗೆ ಗೊತ್ತಿರುತ್ತದೆ, ಫೋನು ಹಚ್ಚು.”

ಗುಡಿಯ ಹತ್ತಿರ ನೆಟ್‌ವರ್ಕು ಸಿಗುವುದೇ ಹೆಚ್ಚು. ವಿಡಿಯೊದಲ್ಲಿ ಅವ್ವ ಮೊದಲು ನನ್ನನ್ನು ಬೈದಳು, ಬಿಸಿಲಾಗ ತಲಿಗೆ ಟವೆಲ್ ಇಲ್ಲೇನು ಎಂದು. ಫೋನು ತಿರುಗಿಸಿ ಗುಡಿ ತೋರಿಸಿದೆ. “ಅಯ್ಯ, ನಮ್ಮ ಹನಮಪ್ಪನ ಗುಡಿಗತೇನ ಐತಲ್ಲೋ. ಅವರಿಗೆ ರೊಕ್ಕ ಎಷ್ಟ ಕೊಟ್ಟಾರಂತ?” ಇಬ್ಬರ ಪ್ರಶ್ನೆಯೂ ಒಂದೇ. ಜತ್ತದ ಹುಡುಗ ನಡುವೆ ಕೂತು ಕನ್ನಡವನ್ನು ಮರಾಠಿಗೆ, ಮರಾಠಿಯನ್ನು ಕನ್ನಡಕ್ಕೆ ದಾಟಿಸುತ್ತ ಹೋದ. ಎರಡೂ ಕಡೆಯ ಮೊತ್ತ ಕೇಳಿ ಅವನೇ ಹೆಚ್ಚು ಸಿಟ್ಟಾದ. ಮನೆಗೆ ಹಕ್ಕುಪತ್ರ ಬಂತಾ, ಮಕ್ಕಳಿಗೆ ನೌಕರಿ ಕೊಟ್ಟರಾ, ಹೊಸ ಊರಿನ ನಲ್ಲಿಗೆ ನೀರು ಬರುತ್ತದಾ ಎಂದು ಒಬ್ಬರನ್ನೊಬ್ಬರು ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಬಾಯಿ ಬಿಡಿಸಿ ಬಿಡಿಸಿ ಕೇಳಿದರು. ಆಲಮಟ್ಟಿಯನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಬಂದು, ಇನ್ನಷ್ಟು ಊರು ಹೋಗತಾವಂತ ಎಂದು ಅವ್ವ ಹೇಳಿದಾಗ ಮಾಮಾ ಜೋರಾಗಿ ನಾಲಿಗೆ ಲೊಚಗುಟ್ಟಿದ. ಅನುವಾದ ಮಾಡಿ ಸುಸ್ತಾದ ಹುಡುಗ ತನ್ನದೂ ಒಂದು ಸೇರಿಸಿದ: “ನಿಮ್ದು ಬಿಡ್ರಿ ಅವ್ವಾ, ನಮ್ಮ ಜತ್ತದಾಗ ಮುಳಗಾಕರ ನೀರ ಎಲ್ಲಿ ಅದಾವು?” ಅವ್ವ ನಕ್ಕಿದ್ದು ಡ್ರೋನಿನ ಹುಡುಗರಿಗೂ ಕೇಳಿಸಿತು.

ಮಾಮಾನನ್ನು ಒಮ್ಮೆ ಊರಿಗೆ ಕರೆದುಕೊಂಡು ಬರಬೇಕೆಂದು ಅವ್ವನ ಅಪ್ಪಣೆಯಾಯಿತು. ಮೇ ತಿಂಗಳ ಕೊನೆಗೆ ಮಿಂಚುಹುಳ ನೋಡುವವರ ಬುಕಿಂಗು, ಆಮೇಲೆ ಮಾಮಾನ ಮಗನ ಭತ್ತದ ನಾಟಿ, ಮಳೆ ಹಿಡಿದರೆ ಪುಣೆಯ ಅರ್ಧ ಜನ ಇಲ್ಲೇ. ಕೊನೆಗೆ ಸೆಪ್ಟೆಂಬರ್ ಎಂದು ಒಪ್ಪಂದವಾಯಿತು. “ಆಗ ಆಲಮಟ್ಟಿ ತುಂಬಿರ್ತದವ್ವಾ, ಹಳೆ ಊರು ಏನೂ ಕಾಣಂಗಿಲ್ಲ” ಎಂದೆ.

“ಕಾಣದಿದ್ರ ಬಿಡು. ರೊಟ್ಟಿ ಉಣ್ಣಾಕ ಬರ್ಲಿ ಅಂದೆ ನಾ, ನೀರ ನೋಡಾಕ ಅಲ್ಲ” ಎಂದಳು ಅವ್ವ. ಹುಡುಗ ಅದನ್ನೂ ಮರಾಠಿ ಮಾಡಿದ. ಮಾಮಾ ಫೋನಿನ ಹತ್ತಿರ ಬಾಯಿ ತಂದು, ಜೋಳದ ರೊಟ್ಟಿಯಾದರೆ ನಾಲ್ಕು ಬೇಕು, ಹಲ್ಲಿಲ್ಲ, ಹಾಲಿನಲ್ಲಿ ನೆನೆಸಿಡಿ ಎಂದು ಕೂಗಿ ಹೇಳಿದ.