ನಡೆ ಮುರಿಯದಂತೆ: ಹಾರ್ನೆಸ್ ರೇಸ್ ಕುದುರೆಗಳ ಲಾಯದೊಳಗೆ

ಬೆಳಿಗ್ಗೆ ಐದೂವರೆಗೆ ಲಾಯದ ದೀಪ ಹಾಕಿದ ಕೂಡಲೇ ಮೇವಿನ ತೊಟ್ಟಿಯೊಳಗೆ ಕೈಯಾಡಿಸಿ ನೋಡಬೇಕು. ರಾತ್ರಿ ಹಾಕಿದ ಓಟ್ಸ್ ಒಂದು ಹಿಡಿ ಉಳಿದಿದ್ದರೂ ಅದಕ್ಕೊಂದು ಕಾರಣ ಇರುತ್ತದೆ. ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಗೆ ತಾಗುತ್ತಿರಬಹುದು, ಜ್ವರ ಶುರುವಾಗುತ್ತಿರಬಹುದು, ಹಿಂದಿನ ದಿನದ ತಾಲೀಮು ಅತಿಯಾಗಿರಬಹುದು. ಆಮೇಲೆ ನೀರಿನ ಬಕೆಟ್, ಲದ್ದಿ, ಥರ್ಮಾಮೀಟರ್. ಮೈಯ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸರಿ. ಅದನ್ನು ದಾಟಿದ್ದರೆ ಆ ದಿನ ಗಾಡಿಗೆ ಕಟ್ಟುವ ಮಾತೇ ಇಲ್ಲ.

ಬೆಂಗಳೂರು ರೇಸ್ ಕೋರ್ಸ್ ಮಾತ್ರ ನೋಡಿದವರಿಗೆ ಎರಡು ಮಾತು. ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಕೆನಡಾದ ಒಂಟಾರಿಯೊ ಕಡೆ ನಡೆಯುವ ಹಾರ್ನೆಸ್ ರೇಸಿನಲ್ಲಿ ಕುದುರೆಯ ಬೆನ್ನ ಮೇಲೆ ಯಾರೂ ಕೂರುವುದಿಲ್ಲ. ಸಲ್ಕಿ ಎಂಬ ಎರಡು ಚಕ್ರದ ಹಗುರ ಗಾಡಿಯಲ್ಲಿ ಡ್ರೈವರ್ ಕೂತಿರುತ್ತಾನೆ. ವಿಜಯಪುರ, ಬೆಳಗಾವಿ ಕಡೆಯ ಜಾತ್ರೆಗಳಲ್ಲಿ ಕುದುರೆ ಗಾಡಿ ಓಟ ಕಂಡವರಿಗೆ ಚಿತ್ರ ಬೇಗ ಕಣ್ಣಿಗೆ ಕಟ್ಟುತ್ತದೆ. ಆದರೆ ಇಲ್ಲಿ ನಾಗಾಲೋಟ ನಿಷಿದ್ಧ. ಕುದುರೆ ಎರಡರಲ್ಲಿ ಒಂದು ನಡೆಯಲ್ಲೇ ಓಡಬೇಕು. ಎಡ ಮುಂಗಾಲು, ಬಲ ಹಿಂಗಾಲು ಒಟ್ಟಿಗೆ ಏಳುವ ಕುಕ್ಕುಲೋಟ ಒಂದು, ಅದು ಟ್ರಾಟ್. ಒಂದೇ ಬದಿಯ ಎರಡೂ ಕಾಲು ಒಟ್ಟಿಗೆ ಮುಂದೆ ಹೋಗುವುದು ಇನ್ನೊಂದು, ಅದು ಪೇಸ್. ಉತ್ತರ ಅಮೆರಿಕದಲ್ಲಿ ಪೇಸರ್‌ಗಳೇ ಹೆಚ್ಚು; ಸ್ವೀಡನ್, ಫ್ರಾನ್ಸ್‌ಗಳಲ್ಲಿ ಟ್ರಾಟರ್‌ಗಳದೇ ರಾಜ್ಯ.

ವೇಗದ ಭರದಲ್ಲಿ ಕುದುರೆ ನಾಗಾಲೋಟಕ್ಕೆ ಬಿದ್ದರೆ ಅದನ್ನು ಬ್ರೇಕ್ ಅನ್ನುತ್ತಾರೆ, ನಡೆ ಮುರಿಯಿತು ಅಂತ. ಆಗ ಡ್ರೈವರ್ ಜಾಗ ಸಿಕ್ಕ ಕೂಡಲೇ ಹೊರಬದಿಗೆ ಸರಿದು, ಲಗಾಮು ಎಳೆದು, ಹಿಂದೆ ಬಿದ್ದಾದರೂ ಅದನ್ನು ಮತ್ತೆ ನಡೆಗೆ ತರಬೇಕು. ಅಷ್ಟರಲ್ಲಿ ರೇಸ್ ಕೈಬಿಟ್ಟಿರುತ್ತದೆ. ಮತ್ತೆ ಮತ್ತೆ ಮುರಿದರೆ ಅರ್ಹತಾ ಓಟ ಓಡಿ ತೋರಿಸುವ ತನಕ ಹಣದ ರೇಸಿಗೆ ಬಿಡುವುದಿಲ್ಲ. 1879ರಲ್ಲಿ ಈ ಓಟದ ಕುದುರೆಗಳಿಗೆ ಒಂದು ಮೈಲಿಗೆ ಎರಡೂವರೆ ನಿಮಿಷ ಎಂಬ ಮಟ್ಟ, ಅಂದರೆ ಸ್ಟ್ಯಾಂಡರ್ಡ್, ಇಟ್ಟರು. ಸ್ಟ್ಯಾಂಡರ್ಡ್‌ಬ್ರೆಡ್ ಎಂಬ ತಳಿಯ ಹೆಸರು ಬಂದದ್ದೇ ಆ ಮಟ್ಟದಿಂದ. 2022ರ ಜುಲೈಯಲ್ಲಿ ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್‌ನಲ್ಲಿ ಬುಲ್‌ಡಾಗ್ ಹ್ಯಾನೋವರ್ ಎಂಬ ಪೇಸರ್ ಅದೇ ಮೈಲಿಯನ್ನು 1 ನಿಮಿಷ 45.8 ಸೆಕೆಂಡಿನಲ್ಲಿ ಮುಗಿಸಿತು. ಅಷ್ಟು ವೇಗದಲ್ಲೂ ನಡೆ ಕೆಡಬಾರದು ಅಂದರೆ ಆ ಕೆಲಸದ ಬಹುಪಾಲು ಲಾಯದಲ್ಲೇ ಆಗಿರಬೇಕು. ಲಾಯದ ದಿನಚರಿಯನ್ನು ಈ ಒಂದು ಕಣ್ಣಿನಿಂದ ನೋಡಿದರೆ ಪ್ರತಿ ಸಣ್ಣ ಕೆಲಸಕ್ಕೂ ಅರ್ಥ ಸಿಗುತ್ತದೆ.

ಹಿಂದಿನ ರಾತ್ರಿ ಕಟ್ಟಿದ ಪಟ್ಟಿ ಬಿಚ್ಚಿದ ಮೇಲೆ ಕಾಲು ಮುಟ್ಟಿ ನೋಡುವ ಕೆಲಸ. ಮುಂಗಾಲನ್ನು ಮಡಚಿ ಎತ್ತಿ ಹಿಡಿದು, ಮಂಡಿಯ ಕೆಳಗಿನಿಂದ ಗೆಣ್ಣಿನ ತನಕ ಹಿಂಬದಿಯ ಟೆಂಡನ್ ಹುರಿಯನ್ನು, ಅಂದರೆ ಸ್ನಾಯುವನ್ನು ಎಲುಬಿಗೆ ಸೇರಿಸುವ ಗಟ್ಟಿ ಎಳೆಯನ್ನು, ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಹಿಡಿದು ಇಳಿಸುತ್ತಾ ಬರಬೇಕು. ಹುರಿಯ ಅಂಚು ಗಟ್ಟಿಯಾಗಿ, ಸ್ಪಷ್ಟವಾಗಿ ಸಿಗಬೇಕು. ಒಂದು ಕಡೆ ಮೆತ್ತಗೆ, ದಪ್ಪಗೆ ಅನ್ನಿಸಿದರೆ, ಒತ್ತಿದಲ್ಲಿ ಕುದುರೆ ಕಾಲು ಎಳೆದುಕೊಂಡರೆ, ಇನ್ನೊಂದು ಕಾಲಿಗಿಂತ ಬೆಚ್ಚಗಿದ್ದರೆ ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಬೇಕು. ದಿನಾ ಒಂದೇ ಕೈ ಮುಟ್ಟುವುದು ಮುಖ್ಯ. ಈ ಕುದುರೆಯ ಎಡಗೆಣ್ಣು ಎರಡು ವರ್ಷದಿಂದ ಸ್ವಲ್ಪ ಉಬ್ಬಿಯೇ ಇದೆ ಅಂತ ಅದನ್ನು ದಿನಾ ನೋಡಿಕೊಳ್ಳುವ ಗ್ರೂಮ್‌ಗೆ ಗೊತ್ತಿರುತ್ತದೆ, ಹೊಸಬರಿಗೆ ಗೊತ್ತಿರುವುದಿಲ್ಲ. ಒಳ್ಳೆಯ ಗ್ರೂಮ್ ಲಾಯದ ಆಸ್ತಿ ಅಂತ ನಾನು ಹೇಳುವುದು ಇದಕ್ಕೇ.

ದಿನದ ನಿಧಾನ ತಾಲೀಮಿಗೆ ಕಟ್ಟುವ ಜಾಗಿಂಗ್ ಗಾಡಿ ಸಲ್ಕಿಗಿಂತ ಉದ್ದ, ಭಾರ, ಕೂರಲು ಆರಾಮ. ಸಾಮಾನ್ಯ ದಿನಗಳಲ್ಲಿ ನಾಲ್ಕೈದು ಮೈಲಿ, ಮೈಲಿಗೆ ನಾಲ್ಕೂವರೆ ನಿಮಿಷದಂತೆ, ಟ್ರ್ಯಾಕಿನ ಹೊರಬದಿಯಲ್ಲಿ, ರೇಸಿನ ದಿಕ್ಕಿಗೆ ಎದುರಾಗಿ. ದಿಕ್ಕು ತಿರುಗಿಸಿ ಒಳಬದಿಗೆ ತಂದರೆ ಇವತ್ತು ವೇಗದ ಕೆಲಸ ಅಂತ ಕುದುರೆಗೇ ತಿಳಿಯುತ್ತದೆ, ಕಿವಿ ನೆಟ್ಟಗಾಗುತ್ತದೆ. ವೇಗದ ತಾಲೀಮು ವಾರಕ್ಕೆ ಒಂದೋ ಎರಡೋ ಸಲ: ಮೊದಲ ಮೈಲಿ ನಿಧಾನ, ಅರ್ಧ ಗಂಟೆಗೂ ಮೇಲ್ಪಟ್ಟು ಬಿಡುವು, ಎರಡನೆಯದು ಅದಕ್ಕಿಂತ ಇಪ್ಪತ್ತು ಇಪ್ಪತ್ತೈದು ಸೆಕೆಂಡ್ ಚುರುಕು.

ಇನ್ನು ಹಾಬಲ್, ಪೇಸ್ ನಡೆ ತಪ್ಪದಂತೆ ಕಾಯುವ ಕಾಲಪಟ್ಟಿ. ಪೇಸರ್‌ನ ಒಂದೇ ಬದಿಯ ಮುಂಗಾಲು ಹಿಂಗಾಲುಗಳ ಮೇಲ್ಭಾಗಕ್ಕೆ ಒಂದೊಂದು ಬಳೆ ಹಾಕಿ ನಡುವೆ ಪಟ್ಟಿಯಿಂದ ಜೋಡಿಸಿರುತ್ತಾರೆ. ಬಳೆ ಜಾರದಂತೆ ಬೆನ್ನ ಮೇಲಿಂದ ತೂಗುಪಟ್ಟಿಗಳು ಇಳಿದಿರುತ್ತವೆ. ಹಿಂದೆ ಚರ್ಮದ್ದಿತ್ತು, ಈಗ ಹೆಚ್ಚಾಗಿ ಪ್ಲಾಸ್ಟಿಕ್. ಉದ್ದ ಸಾಮಾನ್ಯವಾಗಿ 55ರಿಂದ 60 ಇಂಚಿನ ಆಸುಪಾಸು, ಕುದುರೆಯ ಮೈಕಟ್ಟಿನ ಮೇಲೆ. ಈ ಉದ್ದದಲ್ಲಿ ಒಂದು ತೂತಿನ ವ್ಯತ್ಯಾಸ ರೇಸನ್ನೇ ಕೆಡಿಸಬಲ್ಲದು. ಸಡಿಲವಾದರೆ ತಿರುವಿನಲ್ಲಿ ಕುದುರೆಗೆ ಆಸರೆ ತಪ್ಪಿ ಹೆಜ್ಜೆ ಕಲಸಿಹೋಗುತ್ತದೆ. ಬಿಗಿಯಾದರೆ ಹೆಜ್ಜೆ ಪೂರ್ತಿ ಚಾಚಲಾಗದೆ ಪಟ್ಟಿಗೆ ಬಡಿದು ಬಡಿದು ತೊಡೆಯ ಒಳಬದಿ ಸುಲಿಯುತ್ತದೆ; ಸುಲಿದ ಉರಿಗೆ ಕುದುರೆ ಹೆಜ್ಜೆ ಕಡಿಮೆ ಮಾಡುತ್ತದೆ, ಕೊನೆಗೆ ನಡೆಯೂ ಮುರಿಯುತ್ತದೆ. ಬಳೆಯ ಒಳಗೆ ಪೌಡರ್ ಹಾಕುವುದು, ಸುಲಿಯುವ ಚರ್ಮದ ಕುದುರೆಗೆ ಕುರಿತುಪ್ಪಳದ ಕವಚ ತೊಡಿಸುವುದು ಇದಕ್ಕೇ. ಬದಲಿಸುವಾಗ ಒಂದು ಸಲಕ್ಕೆ ಒಂದೇ ತೂತು, ಎರಡೂ ಬದಿ ಸಮ, ಆ ದಿನವೇ ಪುಸ್ತಕದಲ್ಲಿ ಬರೆಯಬೇಕು. ಎರಡು ವರ್ಷದ ಮರಿ ಬೆಳೆಯುತ್ತಾ ಇರುತ್ತದೆ. ಮಾರ್ಚಿನ ಅಳತೆ ಜುಲೈಗೆ ಹೊಂದದೆ ಇರುವುದು ಸಹಜ. ಅದನ್ನು ಗಮನಿಸದೆ ಮರಿಗೆ ಹಟಮಾರಿ ಅಂತ ಹೆಸರಿಡುವುದು ದೊಡ್ಡ ಅನ್ಯಾಯ. ಹಾಬಲ್ ಪೂರ್ತಿ ತೆಗೆಯಬೇಕು ಅಥವಾ ಹೊಸದಾಗಿ ಹಾಕಬೇಕು ಅಂದರೆ ರೇಸಿನ ತೀರ್ಪುಗಾರರ ಅನುಮತಿ ಬೇಕು.

ಟ್ರಾಟರ್‌ನ ನಡೆ ಹೆಚ್ಚಾಗಿ ನಿಲ್ಲುವುದು ಲಾಳದ ಮೇಲೆ. ಮುಂಗಾಲಿನ ಗೊರಸಿನ ಕೋನ ಸುಮಾರು 50ರಿಂದ 52 ಡಿಗ್ರಿ, ತುದಿಯ ಉದ್ದ ಮೂರೂವರೆ ಇಂಚಿನ ಹತ್ತಿರ. ಸಂಖ್ಯೆಗಿಂತಲೂ ಎರಡೂ ಕಾಲು ಹೊಂದಿರುವುದು ಮುಖ್ಯ. ಒಂದು ಗೊರಸು ಎಂಟನೇ ಒಂದು ಇಂಚು ಉದ್ದವಾದರೂ ಆ ಕಾಲು ನೆಲ ಬಿಡುವುದು ತಡ. ತಡವಾದ ಮುಂಗಾಲಿನ ತುದಿಗೆ ಹಿಂಗಾಲು ಬಂದು ಗೀರಿಕೊಳ್ಳುತ್ತದೆ, ಗೀರಿದ ನೋವಿಗೆ ಕುದುರೆ ಹಾರಿ ನಡೆ ಮುರಿಯುತ್ತದೆ. ಹಿಂಗಾಲಿನ ಗೊರಸಿನ ಮೇಲಂಚಿನಲ್ಲಿ ಕೂದಲು ಕೆದರಿದೆಯೋ, ಕಾಲಿಗೆ ತೊಡಿಸುವ ರಕ್ಷಣೆಯ ಬೂಟಿನ ಮೇಲೆ ಹೊಸ ಗುರುತು ಇದೆಯೋ ಅಂತ ತಾಲೀಮಾದ ಕೂಡಲೇ ನೋಡಬೇಕು. ತೊಳೆದ ಮೇಲೆ ಗುರುತು ಸಿಗುವುದಿಲ್ಲ. ಮುಂಗಾಲನ್ನು ಚೆನ್ನಾಗಿ ಎತ್ತಿ ಚಾಚಲಿ ಅಂತ ಎಳೆಯ ಟ್ರಾಟರ್‌ಗೆ ಗೊರಸಿನ ತುದಿಯಲ್ಲಿ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ ತೂಕದ ತುಂಡು ಸಿಕ್ಕಿಸುವುದುಂಟು. ನಡೆ ಪಳಗಿದಂತೆ ಅದನ್ನು ಇಳಿಸಬೇಕು, ಯಾಕೆಂದರೆ ಆ ತೂಕವನ್ನು ಹೊರುವುದು ಟೆಂಡನ್ನೇ. ಪೇಸರ್‌ನ ತೊಂದರೆ ಬೇರೆ: ಹಿಂಗಾಲು ಅಡ್ಡ ಬಂದು ಎದುರು ಬದಿಯ ಮುಂಗಾಲಿಗೆ ಬಡಿಯುತ್ತದೆ. ಅದಕ್ಕೆ ಹಿಂಗಾಲಿನ ಲಾಳದ ಒಳಬದಿ ಅರ್ಧ ದುಂಡಗೆ, ಹೊರಬದಿ ಹಿಡಿತಕ್ಕೆ ತೋಡು ಇರುವಂತೆ ಮಾಡಿಸುತ್ತಾರೆ. ಮೂರು ನಾಲ್ಕು ವಾರಕ್ಕೊಮ್ಮೆ ಲಾಳ ಬದಲಾಗಲೇಬೇಕು.

ತಲೆಯ ಸಾಮಾನಿನಲ್ಲಿ ಓವರ್‌ಚೆಕ್ ಪಟ್ಟಿ ಬಾಯಿಯ ಸಣ್ಣ ಕಡಿವಾಣದಿಂದ ಹಣೆಯ ಮೇಲೆ ಹಾದು ಬೆನ್ನಿನ ಕೊಕ್ಕೆಗೆ ಸೇರುತ್ತದೆ. ಕುದುರೆ ತಲೆ ತೀರ ಕೆಳಗಿಳಿಸಿ ಡ್ರೈವರ್ ಕೈ ಎಳೆಯದಿರಲಿ ಅಂತ ಅದು. ಅತಿ ಬಿಗಿ ಮಾಡಿದರೆ ಉಸಿರಾಟಕ್ಕೆ ತೊಂದರೆಯಾಗಬಹುದು, ಕೊನೆಯ ಕಾಲು ಮೈಲಿಯಲ್ಲಿ ಗೊರಗೊರ ಸದ್ದು ಬರಬಹುದು. ಕುದುರೆ ಒಂದೇ ಬದಿಗೆ ತಲೆ ತಿರುಗಿಸುತ್ತಿದ್ದರೆ ಕತ್ತಿನ ಪಕ್ಕಕ್ಕೆ ಕೋಲು ಕಟ್ಟಿ ನೇರ ಮಾಡಬಹುದು, ನಿಜ. ಆದರೆ ಕೋಲು ಕಟ್ಟುವ ಮೊದಲು ಹಲ್ಲು, ಕಡಿವಾಣ, ಕಾಲು ಮೂರನ್ನೂ ನೋಡಿ. ನೋವಿಗೆ ತಿರುಗುವ ತಲೆಯನ್ನು ಕೋಲಿನಿಂದ ನೇರ ಮಾಡಿದರೆ ನೋವು ಹಾಗೇ ಉಳಿಯುತ್ತದೆ.

ತಾಲೀಮಾದ ಮೇಲೆ ಸ್ನಾನ, ಮೈಯ ನೀರು ಬಳಿದು ತೆಗೆಯುವುದು, ಇಪ್ಪತ್ತು ಮೂವತ್ತು ನಿಮಿಷ ಕೈಯಲ್ಲಿ ನಡೆಸುವುದು, ನಡುನಡುವೆ ನಾಲ್ಕು ಗುಟುಕು ನೀರು. ಮುಂಗಾಲಿಗೆ ಇಪ್ಪತ್ತು ನಿಮಿಷ ತಣ್ಣೀರಿನ ಪೈಪು.

ಪಟ್ಟಿ ಕಟ್ಟುವುದು ಸುಲಭ ಅನ್ನಿಸುತ್ತದೆ, ಕೆಟ್ಟದಾಗಿ ಕಟ್ಟುವುದು ಇನ್ನೂ ಸುಲಭ. ಕಾಲು ಪೂರ್ತಿ ಒಣಗಿರಬೇಕು. ಮಂಡಿಯ ಕೆಳಗಿನಿಂದ ಗೆಣ್ಣು ಮುಚ್ಚುವ ತನಕ ಹತ್ತಿಯ ದಪ್ಪ ಹಾಸು, ಒಂದೂ ಸುಕ್ಕಿಲ್ಲದೆ. ಬಟ್ಟೆಪಟ್ಟಿಯನ್ನು ಒಳಬದಿಯಲ್ಲಿ ಶುರುಮಾಡಿ, ಎಲುಬಿನ ಮುಂಭಾಗದ ಮೇಲೆ ಹೊರಕ್ಕೆ ತಂದು, ಹಿಂದಕ್ಕೆ ಸುತ್ತಬೇಕು. ಮೇಲಿನಿಂದ ನೋಡಿದರೆ ಬಲಗಾಲಿಗೆ ಗಡಿಯಾರದ ದಿಕ್ಕು, ಎಡಗಾಲಿಗೆ ಅದರ ವಿರುದ್ಧ. ಎಳೆಯುವುದಿದ್ದರೆ ಎಲುಬಿನ ಮೇಲೆ ಬರುವಾಗ ಎಳೆಯಿರಿ, ಟೆಂಡನ್ ಮೇಲೆ ಹಾದುಹೋಗುವಾಗ ಎಂದೂ ಬೇಡ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ. ಮೇಲಂಚಿನಲ್ಲಿ ಒಂದು ಬೆರಳು ಹೋಗುವಷ್ಟು ಜಾಗ ಇರಲಿ, ಪಿನ್ನು ಹೊರಬದಿಗೆ. ಒಂದು ಕಡೆ ಹೆಚ್ಚು ಬಿಗಿಯಾದರೆ ಬೆಳಿಗ್ಗೆ ಅಲ್ಲೇ ಟೆಂಡನ್ ಉಬ್ಬಿರುತ್ತದೆ, ಪಟ್ಟಿಯೇ ಮಾಡಿದ ಗಾಯ. ಹನ್ನೆರಡು ಗಂಟೆ ದಾಟಿಸಬಾರದು.

ಸುಮಾರು 450 ಕಿಲೋ ತೂಕದ ಕುದುರೆಗೆ ದಿನಕ್ಕೆ ಏಳರಿಂದ ಒಂಬತ್ತು ಕಿಲೋ ಒಣಹುಲ್ಲು ಬೇಕು, ನಾಲ್ಕೈದು ಕಿಲೋ ಓಟ್ಸ್ ಮೂರು ನಾಲ್ಕು ಹೊತ್ತಿಗೆ ಹಂಚಿ. ಕೆಲಸ ಇಲ್ಲದ ದಿನ ಓಟ್ಸನ್ನು ಅರ್ಧಕ್ಕೆ ಇಳಿಸಬೇಕು. ಪೂರ್ತಿ ಕಾಳು ತಿಂದು ಒಂದು ದಿನ ಸುಮ್ಮನೆ ನಿಂತ ಕುದುರೆಯನ್ನು ಮರುದಿನ ಗಾಡಿಗೆ ಕಟ್ಟಿದರೆ ಸೊಂಟದ ಸ್ನಾಯುಗಳು ಮರದಂತೆ ಬಿಗಿದುಕೊಳ್ಳಬಹುದು. ಇದಕ್ಕೆ ಸೋಮವಾರದ ರೋಗ ಅಂತಲೇ ಹಳೆಯ ಹೆಸರು. ಬೆವರು ಸುರಿಯುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಗ ನಡೆಸಿ ಸರಿಮಾಡಲು ಹೋಗಬೇಡಿ, ನಿಂತಲ್ಲೇ ಕಂಬಳಿ ಹೊದಿಸಿ ವೈದ್ಯರನ್ನು ಕರೆಯಿರಿ. ಒಂಟಾರಿಯೊದ ಚಳಿಗಾಲದಲ್ಲಿ ನೀರು ಮಂಜುಗಟ್ಟಿ ಕುದುರೆ ಕುಡಿಯುವುದು ಕಡಿಮೆಯಾಗಿ ಹೊಟ್ಟೆ ಕಟ್ಟುತ್ತದೆ. ಉಗುರುಬೆಚ್ಚಗಿನ ನೀರು ಕೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ರೇಸಿನ ದಿನ ಕೊನೆಯ ಮೇವು ನಾಲ್ಕೈದು ಗಂಟೆ ಮೊದಲು. ಓಟಕ್ಕೆ ಮೊದಲು ಕುದುರೆಗಳನ್ನು ಸಜ್ಜುಗೊಳಿಸುವ ಆವರಣವಾದ ಪ್ಯಾಡಕ್‌ಗೆ ಸುಮಾರು ಎರಡು ಗಂಟೆ ಮೊದಲೇ ಮುಟ್ಟಬೇಕು. ಅಲ್ಲಿ ಕತ್ತಿನ ಅಚ್ಚು ಅಥವಾ ಮೈಕ್ರೋಚಿಪ್ ನೋಡಿ ಗುರುತು ಹಿಡಿಯುತ್ತಾರೆ, ರಕ್ತ ಪರೀಕ್ಷೆಯೂ ಇರಬಹುದು. ಸಲ್ಕಿಯ ಟೈರಿನ ಗಾಳಿ ಮತ್ತು ಚಕ್ರದ ಮುಚ್ಚಳ ನೋಡಿ. ಪಕ್ಕದ ಕುದುರೆಯ ಕಾಲು ಕಡ್ಡಿಗಳೊಳಗೆ ಸಿಕ್ಕದಂತೆ ಕಾಯುವುದು ಆ ಮುಚ್ಚಳ. ಗಾಡಿಯ ಮೂಕಿಗಳು ಕೊಂಡಿಗೆ ಬಿದ್ದ ಮೇಲೆ ಎರಡೂ ಬದಿ ಕೈಯಿಂದ ಜಗ್ಗಿ ನೋಡಬೇಕು. ಟಕ್ ಅಂತ ಸದ್ದು ಕೇಳಿದ್ದು ಸಾಲದು. ಸದ್ದಿಗೆ ಬೆದರುವ ಕುದುರೆಗೆ ಕಿವಿಯಲ್ಲಿ ಹತ್ತಿಯ ಬಿರಡೆ. ಕೊನೆಯ ತಿರುವಿನಲ್ಲಿ ಡ್ರೈವರ್ ದಾರ ಎಳೆದು ಅದನ್ನು ತೆಗೆಯುತ್ತಾನೆ, ಹಠಾತ್ತನೆ ಬಂದ ಸದ್ದಿಗೆ ಕುದುರೆ ಇನ್ನಷ್ಟು ಚುರುಕಾಗುತ್ತದೆ. ದಾರ ಲಗಾಮಿಗೆ ಸುತ್ತಿಕೊಂಡಿದ್ದರೆ ಈ ಏರ್ಪಾಡೆಲ್ಲ ವ್ಯರ್ಥ.

ರೇಸ್ ಮುಗಿದ ರಾತ್ರಿ ಕುದುರೆ ಎಷ್ಟು ಕುಡಿಯಿತು, ಎಷ್ಟು ಹೊತ್ತಿಗೆ ಉಸಿರು ಇಳಿಯಿತು ಅಂತ ಬರೆದಿಡಬೇಕು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ, ಗಾಡಿ ಇಲ್ಲದೆ, ಲಾಯದ ಮುಂದಿನ ಗಟ್ಟಿ ನೆಲದ ಮೇಲೆ ಸಡಿಲ ಹಗ್ಗದಲ್ಲಿ ನೇರ ಓಡಿಸಿ ನೋಡಿ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ತಾಗಿದಾಗ ಇಳಿಯುತ್ತದೆ. ತಲೆ ಸಮ ಇದ್ದರೆ ಒಂದೆರಡು ದಿನ ಬರೀ ನಡಿಗೆ ಮತ್ತು ಹುಲ್ಲುಗಾವಲು, ಆಮೇಲೆ ಮತ್ತೆ ಜಾಗಿಂಗ್ ಗಾಡಿ.