ಸದ್ದಿಲ್ಲದೆ ಬರುವ ಪಿಕಪ್

ಹನ್ನೊಂದು ವರ್ಷ 350 ಸಿಸಿಯ ಪೆಟ್ರೋಲ್ ಬೈಕ್ ಓಡಿಸಿದ ನಾನು ಕಳೆದ ವರ್ಷದಿಂದ ಬೆಂಗಳೂರಿನಲ್ಲೇ ತಯಾರಾಗುವ ಎಲೆಕ್ಟ್ರಿಕ್ ಬೈಕ್ ಅಲ್ಟ್ರಾವಯೊಲೆಟ್ ಎಫ್77 ಓಡಿಸುತ್ತಿದ್ದೇನೆ. ಯಾವುದರ ಪಿಕಪ್ ಹೆಚ್ಚು ಎಂದು ಗೆಳೆಯರು ಕೇಳುತ್ತಾರೆ. ಎಷ್ಟು ಹೆಚ್ಚು ಎನ್ನುವುದಕ್ಕಿಂತ, ಅದು ಮೈಗೆ ಹೇಗೆ ತಾಗುತ್ತದೆ ಎನ್ನುವುದೇ ನನಗೆ ಮುಖ್ಯವಾಗಿ ಕಂಡಿದೆ.

ಪೆಟ್ರೋಲ್ ಬೈಕಿನಲ್ಲಿ ವೇಗ ಮೊದಲೇ ಹೇಳಿ ಬರುತ್ತದೆ. ಹಸಿರು ದೀಪ ಬಿದ್ದಾಗ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತೇವೆ, ಎಂಜಿನ್ನಿನ ಸದ್ದು ಏರುತ್ತದೆ, ಎರಡನೆಯ ಗೇರ್ ಹಾಕುವಾಗ ಎಳೆತ ಒಂದು ಕ್ಷಣ ನಿಂತು ಮತ್ತೆ ಹಿಡಿದುಕೊಳ್ಳುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಎಂಜಿನ್ ತನ್ನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಆದ 27 ನ್ಯೂಟನ್ ಮೀಟರ್ ಕೊಡುವುದು ನಿಮಿಷಕ್ಕೆ 4000 ಸುತ್ತು ತಿರುಗುವಾಗ. ಅಲ್ಲಿಯವರೆಗೆ ಏರುವ ದಾರಿಯೆಲ್ಲ ಸವಾರನ ಕೈಗೂ ಕಿವಿಗೂ ತಿಳಿಯುತ್ತದೆ.

ಎಲೆಕ್ಟ್ರಿಕ್ ಮೋಟಾರಿನಲ್ಲಿ ಆ ದಾರಿಯೇ ಇಲ್ಲ. ನಿಂತ ಮೋಟಾರಿನಲ್ಲೂ ಕರೆಂಟ್ ಹರಿದ ಕೂಡಲೇ ಟಾರ್ಕ್ ಹುಟ್ಟುತ್ತದೆ. ಎಫ್77 ಮ್ಯಾಕ್ 2 ರೀಕಾನ್ ಮಾದರಿಯ ಟಾರ್ಕ್ 100 ನ್ಯೂಟನ್ ಮೀಟರ್. (ಪೆಟ್ರೋಲ್ ಬೈಕಿನ ಮೊದಲ ಗೇರ್ ಎಂಜಿನ್ನಿನ ಟಾರ್ಕನ್ನು ಹಲವು ಪಟ್ಟು ಹೆಚ್ಚಿಸಿಯೇ ಚಕ್ರಕ್ಕೆ ಕೊಡುವುದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ.) ನಿಂತಲ್ಲಿಂದ ಗಂಟೆಗೆ 60 ಕಿ.ಮೀ. ವೇಗಕ್ಕೆ 2.8 ಸೆಕೆಂಡ್ ಸಾಕು ಎಂದು ತಯಾರಕರು ಹೇಳುತ್ತಾರೆ. ಆ ಹೊತ್ತಿನಲ್ಲಿ ಎಳೆತ ಎಲ್ಲಿಯೂ ತುಂಡಾಗುವುದಿಲ್ಲ, ಮೈ ಸಾವರಿಸಿಕೊಳ್ಳಲು ನಡುವೆ ಬಿಡುವೂ ಸಿಗುವುದಿಲ್ಲ.

ಮೊದಲ ವಾರ ಹಿಂದೆ ಕೂತಿದ್ದ ತಂಗಿ, “ಹೇಳಿ ಹೊರಡಬಾರದೇನೋ ಅಣ್ಣ!” ಎಂದು ಕೂಗಿದಳು. ಹಳೆಯ ಬೈಕಿನಲ್ಲಿ ಎಂಜಿನ್ನಿನ ಸದ್ದು ಏರಿದಾಗಲೇ ಅವಳು ನನ್ನ ಭುಜ ಹಿಡಿದುಕೊಳ್ಳುತ್ತಿದ್ದಳು ಎಂಬುದು ನನಗೆ ಹೊಳೆದದ್ದು ಆಗಲೇ. ನನ್ನ ಕಥೆಯೂ ಅಷ್ಟೇ: ಮೀಟರ್ ನೋಡದೆ ಸದ್ದಿನಿಂದಲೇ ವೇಗ ಅಂದಾಜಿಸುತ್ತಿದ್ದವನಿಗೆ, 40 ಎಂದುಕೊಂಡಾಗ 60 ದಾಟಿರುತ್ತಿತ್ತು.

ನಂದಿ ಬೆಟ್ಟದ ಏರಿನಲ್ಲಿ ಈ ಎಳೆತದ ಸುಖ ಪೂರ್ತಿಯಾಗಿ ತಿಳಿಯುತ್ತದೆ. ಕಡಿದಾದ ತಿರುವಿಗೆ ಪೆಟ್ರೋಲ್ ಬೈಕನ್ನು ಮೂರನೆಯ ಗೇರಿನಲ್ಲೇ ನುಗ್ಗಿಸಿದರೆ ಎಂಜಿನ್ ಎಳೆಯದೆ ಒದ್ದಾಡುತ್ತದೆ. ಇಲ್ಲಿ ಗೇರಿನ ಯೋಚನೆಯೇ ಇಲ್ಲದ ಕಾರಣ ಮನಸ್ಸೆಲ್ಲ ರಸ್ತೆಯ ಮೇಲಿರುತ್ತದೆ, ತಿರುವು ಮುಗಿಯುತ್ತಿದ್ದಂತೆ ಮಣಿಕಟ್ಟು ಎಷ್ಟು ತಿರುಗಿತೋ ಅಷ್ಟೇ ಬೈಕ್ ಮುಂದಕ್ಕೆ ಎಳೆಯುತ್ತದೆ. ಮಳೆಗೆ ನೆನೆದ ರಸ್ತೆಯಲ್ಲಿ ಮಾತ್ರ ಅದೇ ಮಣಿಕಟ್ಟನ್ನು ಬಹಳ ಮೆಲ್ಲಗೆ ತಿರುಗಿಸುತ್ತೇನೆ.

ಹೆದ್ದಾರಿಯಲ್ಲಿ ಚಿತ್ರ ಬದಲಾಗುತ್ತದೆ. ಮೋಟಾರ್ ವೇಗವಾಗಿ ತಿರುಗಿದಷ್ಟೂ ಅದರೊಳಗೇ ಹುಟ್ಟುವ ಎದುರು ವೋಲ್ಟೇಜ್ ಬ್ಯಾಟರಿಯ ವೋಲ್ಟೇಜಿಗೆ ಅಡ್ಡ ನಿಲ್ಲುವುದರಿಂದ ಟಾರ್ಕ್ ಇಳಿಯುತ್ತದೆ. ಸಿಗ್ನಲ್ಲಿನಲ್ಲಿ ಬೆಚ್ಚಿಬೀಳಿಸಿದ ಬೈಕ್, ಗಂಟೆಗೆ ನೂರರ ಆಸುಪಾಸಿನಲ್ಲಿ ಲಾರಿಯೊಂದನ್ನು ದಾಟುವಾಗ ಸೌಮ್ಯವಾಗಿಯೇ ಎಳೆಯುತ್ತದೆ.