ಹಗ್ಗ ಅಂಚನ್ನು ಕೊರೆದಾಗ

ಹಿಮನದಿಯ ಬಿರುಕಿಗೆ ಬಿದ್ದವರನ್ನು ಮೇಲೆತ್ತುವ ಅಭ್ಯಾಸಕ್ಕೆ ಬಂದವರು ಮೊದಲು ಕೇಳುವುದು ರಾಟೆಯ ಬಗ್ಗೆ. ಸಂಜೆಗೆ ಅವರ ಕೈ ಸೋತಿರುವುದು ಮಾತ್ರ ಹಿಮ ಅಗೆದು, ಅಂಚು ಒಡೆದು.

ಮೂವರ ತಂಡವಾದರೆ ಒಬ್ಬರಿಂದೊಬ್ಬರಿಗೆ 10ರಿಂದ 12 ಮೀಟರ್ ಹಗ್ಗ ಬಿಡುತ್ತೇವೆ. ಇಬ್ಬರೇ ಇದ್ದರೆ ಅಂತರ ಇನ್ನೂ ಹೆಚ್ಚಬೇಕು. ನಡೆಯುವಾಗ ಹಗ್ಗ ಹಿಮವನ್ನು ಸವರಿಕೊಂಡು ಹೋಗುವಷ್ಟು ಮಾತ್ರ ಸಡಿಲವಿರಲಿ. ಕೈಯಲ್ಲಿ ನಾಲ್ಕು ಸುತ್ತು ಹಿಡಿದು ಆರಾಮಾಗಿ ನಡೆಯುವುದು ಎಲ್ಲರಿಗೂ ಬರುವ ಚಾಳಿ. ಬಿದ್ದವರು ಆ ಸಡಿಲದಷ್ಟು ಹೆಚ್ಚು ಆಳಕ್ಕೆ ಹೋಗುತ್ತಾರೆ, ಆ ಜಗ್ಗಿಗೆ ಮೇಲಿನವರೂ ಎಳೆದುಕೊಂಡು ಹೋಗಬಹುದು. ಇಬ್ಬರ ತಂಡದಲ್ಲಿ ನಡುವಿನ ಹಗ್ಗಕ್ಕೆ ನಾಲ್ಕೈದು ಬಟರ್‌ಫ್ಲೈ ಗಂಟು (ಹಗ್ಗದ ನಡುವೆ ಕುಣಿಕೆ ಉಳಿಯುವ ದಪ್ಪ ಗಂಟು) ಹಾಕಿದರೆ ಅವು ಅಂಚಿನ ಹಿಮದಲ್ಲಿ ಕಚ್ಚಿ ಬೀಳುವಿಕೆಯನ್ನು ತಡೆಯುತ್ತವೆ. ಆದರೆ ಅವೇ ಗಂಟುಗಳು ಆಮೇಲೆ ರಾಟೆಯಲ್ಲಿ ತೂರುವುದಿಲ್ಲ. ಹಾಗಾಗಿ ಎತ್ತಲು ಇಬ್ಬರ ಬಳಿಯೂ ಬೇರೆ ಹಗ್ಗದ ಸುರುಳಿ ಇರಲೇಬೇಕು.

ಅಭ್ಯಾಸಕ್ಕೆ ಇಳಿಯುವವರಿಗೆ ಪ್ರತ್ಯೇಕ ಆಂಕರಿನಿಂದ (ಹಗ್ಗ ಕಟ್ಟಲು ಹಿಮದಲ್ಲಿ ಭದ್ರಪಡಿಸಿದ ಆಧಾರ) ಇನ್ನೊಂದು ಹಗ್ಗ ಕಟ್ಟಿರುತ್ತೇವೆ. ಮರಳಿನ ಚೀಲ ಇಳಿಬಿಟ್ಟು ಕಲಿಯಬಹುದು, ಆದರೆ ಚೀಲ ಮಾತಾಡುವುದಿಲ್ಲ, ಒದ್ದಾಡುವುದಿಲ್ಲ, ಅಂಚಿಗೆ ತಲೆ ತಗುಲಿಸಿಕೊಂಡು ಕೂಗುವುದೂ ಇಲ್ಲ.

ಬಿದ್ದವರ ಭಾರವನ್ನು ಹಾರ್ನೆಸ್ಸಿನಲ್ಲಿ (ಸೊಂಟ, ತೊಡೆಗಳಿಗೆ ಬಿಗಿಯುವ ಪಟ್ಟಿ) ಹೊತ್ತು, ಐಸ್ ಆಕ್ಸ್ (ಹಿಮಗೊಡಲಿ) ನೆಟ್ಟು ಮಲಗಿದವರು ಏಳುವಂತಿಲ್ಲ. ಮೂರನೆಯವರಿದ್ದರೆ ಆಂಕರ್ ಅವರ ಕೆಲಸ. ಇಲ್ಲದಿದ್ದರೆ ಮಲಗಿದಲ್ಲೇ ಒಂದು ಕೈಯಲ್ಲಿ ಅಗೆಯಬೇಕು. ಎಳೆತಕ್ಕೆ ಅಡ್ಡವಾಗಿ, ಆಕ್ಸ್‌ನಷ್ಟೇ ಉದ್ದದ, 30ರಿಂದ 50 ಸೆಂಟಿಮೀಟರ್ ಆಳದ ಕಿರಿದಾದ ಕಾಲುವೆ ತೋಡಿ ಆಕ್ಸ್ ಹೂಳುತ್ತೇವೆ. ಅದರ ನಡುವಿನಿಂದ ಬಿರುಕಿನ ಕಡೆಗೆ ಸ್ಲಿಂಗ್ (ಆಕ್ಸಿಗೆ ಸುತ್ತುವ ಪಟ್ಟಿಯ ಕುಣಿಕೆ) ಹಾಯಲು ಇನ್ನೊಂದು ಸೀಳು. ಹತ್ತರಲ್ಲಿ ಎಂಟು ಸಲ ತಪ್ಪುವುದು ಈ ಸೀಳಿನಲ್ಲೇ. ಅದು ಮೇಲುಮೇಲಾಗಿದ್ದರೆ ಸ್ಲಿಂಗ್ ಆಕ್ಸನ್ನು ಮೇಲಕ್ಕೆತ್ತಿ ಕಿತ್ತುಬಿಡುತ್ತದೆ. ಕಾಲುವೆಯ ಮುಂದಿನ ಹಿಮವನ್ನು ಯಾರೂ ತುಳಿಯಬಾರದು, ಭಾರ ನಿಲ್ಲುವುದು ಆ ಗೋಡೆಯ ಮೇಲೆ. ಬರಿ ಮಂಜುಗಡ್ಡೆಯಾದರೆ ಇಷ್ಟು ಪಾಡಿಲ್ಲ, ತಿರುಗಿಸಿ ಕೂರಿಸುವ ಎರಡು ಐಸ್ ಸ್ಕ್ರೂ ಸಾಕು.

9 ಮಿಲಿಮೀಟರ್ ಹಗ್ಗಕ್ಕೆ 6 ಮಿಲಿಮೀಟರ್ ದಾರದಿಂದ ಮೂರು ಸುತ್ತಿನ ಪ್ರುಸಿಕ್ ಗಂಟು (ಭಾರ ಬಿದ್ದರೆ ಹಗ್ಗವನ್ನು ಕಚ್ಚುವ, ಭಾರವಿಲ್ಲದಾಗ ಸರಿಯುವ ಗಂಟು) ಹಾಕಿ ಆಂಕರಿಗೆ ಜೋಡಿಸಬೇಕು. ಹಗ್ಗ ಒದ್ದೆಯಾಗಿದ್ದರೆ ನಾಲ್ಕು ಸುತ್ತು. ಗಂಟು ಬಿಗಿದ ಮೇಲೆ ಮಲಗಿದವರು ಇಂಚಿಂಚಾಗಿ ಮುಂದೆ ಸರಿಯುತ್ತಾರೆ, ಭಾರ ಆಂಕರಿಗೆ ಇಳಿಯುತ್ತದೆ. ಇದೆಲ್ಲವನ್ನೂ ಗ್ಲೌಸ್ ತೊಟ್ಟೇ ಮಾಡಿಸುತ್ತೇವೆ. ಬರಿಗೈಯಲ್ಲಿ ಎಲ್ಲರಿಗೂ ಬರುತ್ತದೆ.

ಆಮೇಲೆ ಅಂಚು. ಕೆಳಗೆ ಟೊಳ್ಳಾಗಿರಬಹುದಾದ್ದರಿಂದ, ಪ್ರುಸಿಕ್‌ಗೆ ತಮ್ಮನ್ನು ಕಟ್ಟಿಕೊಂಡು, ಕೋಲಿನಿಂದ ಚುಚ್ಚಿ ನೋಡುತ್ತಾ ಹೋಗಬೇಕು. ಬೀಳುವ ಹೊತ್ತಿಗೇ ಹಗ್ಗ ಅಂಚನ್ನು ಕೊರೆದು ಒಳಗೆ ಹೂತಿರುತ್ತದೆ. ಹಾಗೆ ಹೂತ ಹಗ್ಗವನ್ನು ಎಳೆಯುವುದು ದಂಡ. ಪಕ್ಕದಲ್ಲಿ ಅಂಚನ್ನು ಸವರಿ, ಮೇಲೆ ಬೆನ್ನುಚೀಲವನ್ನೋ ಆಕ್ಸಿನ ಹಿಡಿಯನ್ನೋ ಅಡ್ಡ ಇಟ್ಟು (ಅದನ್ನೂ ಕಟ್ಟಿ, ಇಲ್ಲದಿದ್ದರೆ ಬಿದ್ದವರ ತಲೆಗೇ ಬೀಳುತ್ತದೆ), ಬೇರೆ ಹಗ್ಗದ ಕುಣಿಕೆಗೆ ರಾಟೆ ಹಾಕಿ ಇಳಿಬಿಡುವುದು ಮೇಲು. ಕೆಳಗಿನವರು ಅದನ್ನು ಹಾರ್ನೆಸ್ಸಿಗೆ ಸಿಕ್ಕಿಸಿಕೊಂಡರೆ ಭಾರ ಅರ್ಧವಾಗುತ್ತದೆ.

ಅವರಿಗೆ ಪ್ರಜ್ಞೆಯಿಲ್ಲದಿದ್ದರೆ ಮೇಲಿನ ಹಗ್ಗದಲ್ಲೇ ಮೂರಕ್ಕೊಂದು ರಾಟೆ ವ್ಯವಸ್ಥೆ ಕಟ್ಟಬೇಕು. ಒಂದು ಮೀಟರ್ ಎತ್ತಲು ಮೂರು ಮೀಟರ್ ಸೇದಬೇಕು. 80 ಕಿಲೋ ಭಾರ ಲೆಕ್ಕದಲ್ಲಿ 27 ಕಿಲೋ ಆಗುತ್ತದೆ. ರಾಟೆಯ ಬದಲು ಕ್ಯಾರಾಬೈನರ್ (ಲೋಹದ ಕೊಂಡಿ) ಹಾಕಿದರೆ ಘರ್ಷಣೆ ಆ ಲಾಭದ ಒಳ್ಳೆಯ ಪಾಲನ್ನು ನುಂಗಿಬಿಡುತ್ತದೆ. ಹಗ್ಗ ಸಟ್ಟನೆ ನಿಂತಿತೆಂದರೆ ಇನ್ನಿಬ್ಬರನ್ನು ಕರೆದು ಎಳೆಸಬೇಡಿ. ಅಂಚಿನ ಅಡಿಗೆ ಭುಜವೋ ಪಕ್ಕೆಯೋ ಸಿಕ್ಕಿರುತ್ತದೆ, ರಾಟೆಯ ಬಲ ಅದನ್ನು ಮುರಿಯಬಲ್ಲದು.

ಕೆಳಗೆ ನೇತಾಡುವವರು ಮೊದಲು ಬೆನ್ನುಚೀಲ ಕಳಚಿ ಹಾರ್ನೆಸ್ಸಿನ ಕೆಳಗೆ ತೂಗುಬಿಡಬೇಕು, ಇಲ್ಲದಿದ್ದರೆ ಅದು ಅವರನ್ನು ಹಿಂದಕ್ಕೆ ಮಗುಚುತ್ತದೆ. ಮೇಲೊಂದು ಜಾಕೆಟ್. ನಂತರ ಸೊಂಟಕ್ಕೊಂದು ಪ್ರುಸಿಕ್, ಕಾಲಿಗೊಂದು ಉದ್ದನೆಯದು: ಕಾಲಿನದರ ಮೇಲೆ ನಿಂತು ಸೊಂಟದ್ದನ್ನು ಸರಿಸುವುದು, ಕೂತು ಕಾಲಿನದನ್ನು ಸರಿಸುವುದು. ಅಂಚಿನವರೆಗೂ ಹೀಗೇ ಏರಬಹುದು. ಕೊನೆಯ ಒಂದು ಮೀಟರಿಗೆ ಮಾತ್ರ ಬೇರೆಯವರ ಕೈ ಬೇಕು.

1913ರ ಜನವರಿಯಲ್ಲಿ ಅಂಟಾರ್ಕ್ಟಿಕಾದಲ್ಲಿ ಒಂಟಿಯಾಗಿ ನಡೆಯುತ್ತಾ ಬಿರುಕಿಗೆ ಬಿದ್ದ ಅನ್ವೇಷಕ ಡಗ್ಲಸ್ ಮಾಸನ್‌ಗೆ ಅಂಥ ಕೈ ಇರಲಿಲ್ಲ. ಜಾರುಬಂಡಿಗೆ ಕಟ್ಟಿದ್ದ ಗಂಟುಗಂಟಿನ ಹಗ್ಗ ಹಿಡಿದು ಮೇಲೆ ಬಂದು ಇನ್ನೇನು ಹೊರಳಬೇಕೆನ್ನುವಾಗ ಅಂಚು ಕುಸಿದು ಮತ್ತೆ ಹಗ್ಗದುದ್ದಕ್ಕೂ ಬಿದ್ದರು. ಎರಡನೆಯ ಸಲ ಅವರು ಹಗ್ಗ ಬಿಡದೆ ಕಾಲು ಮುಂದಾಗಿ ಹೊರಗೆ ಬಂದರು.